ಸಂಬಳ ಖರ್ಚಿನ ಕಾಲಂನಲ್ಲೇ ಯಾಕಿರಬೇಕು?

ಮಾನ್ಯ ಕಾರ್ಮಿಕ ಸಚಿವರೇ,

ನಮಸ್ಕಾರ. ನಾನು 19 ವರ್ಷ ಒಂದು ಕಾರ್ಖಾನೆಯ ಲೆಕ್ಕದ ವಿಭಾಗದಲ್ಲಿದ್ದವನು. ಸಂಬಳದ ಪಟ್ಟಿ ಮಾಡುವುದು ನನ್ನ ಕೆಲಸ. ಯಾರ ಓಟಿ ಎಷ್ಟು, ಯಾರಿಗೆ ಎಷ್ಟು ದಿನ ರಜೆ, ಯಾರ ಮುಂಗಡ ಎಷ್ಟು ಹಿಡಿಯಬೇಕು, ಎಲ್ಲವೂ ನನ್ನ ಕೈ ದಾಟಿಯೇ ಹೋಗಬೇಕಿತ್ತು.

ಕಾರ್ಮಿಕರ ಬಗ್ಗೆ ಮಾತು ಬಂದಾಗಲೆಲ್ಲ ನೀವು ಕನಿಷ್ಠ ಕೂಲಿ ಏರಿಸುವ ಮಾತಾಡುತ್ತೀರಿ. ಏರಿಸಿ, ಬೇಡ ಎನ್ನುವವನು ನಾನಲ್ಲ. ಆದರೆ ಲೆಕ್ಕದ ಪುಸ್ತಕದಲ್ಲೇ ತಲೆ ನರೆಸಿಕೊಂಡ ನನಗೆ ಒಂದು ವಿಷಯ ಚುಚ್ಚುತ್ತಲೇ ಇದೆ. ಆ ಪುಸ್ತಕದಲ್ಲಿ ಸಂಬಳ ಯಾವಾಗಲೂ ಖರ್ಚಿನ ಕಾಲಂನಲ್ಲಿ ಕೂತಿರುತ್ತದೆ. ಕರೆಂಟು, ಕಚ್ಚಾ ಮಾಲು, ಗ್ರೀಸು, ಆಮೇಲೆ ಜನ. ಖರ್ಚು ಅಂದಮೇಲೆ ಅದನ್ನು ಇಳಿಸುವುದೇ ಜಾಣತನ, ಅಲ್ವಾ? ಕೂಲಿ ಒಂದಿಷ್ಟು ಏರಿತೆಂದರೆ ಮೇಲಿನಿಂದ ನನಗೆ ಬರುತ್ತಿದ್ದ ಪ್ರಶ್ನೆ ಒಂದೇ: ಎಷ್ಟು ಜನರನ್ನು ಕಡಿಮೆ ಮಾಡಬಹುದು, ಲೆಕ್ಕ ಹಾಕಿ ಕೊಡಿ. ನಾನು ಹಾಕಿ ಕೊಡುತ್ತಿದ್ದೆ.

ಆಗ ನಾನು ನನ್ನನ್ನು ಕಾರ್ಮಿಕ ಎಂದುಕೊಂಡಿರಲೇ ಇಲ್ಲ. ಕುರ್ಚಿ ಇತ್ತು, ಮೇಜಿತ್ತು, ಅಂಗಿಗೆ ಎಣ್ಣೆ ಕಲೆ ಇರಲಿಲ್ಲ. ವರ್ಗ ಅನ್ನುವುದು ಅಂಗಿಯಲ್ಲಿ ಕಾಣುತ್ತದೆ ಅಂತ ನನ್ನ ಎಣಿಕೆ. ಕಾರ್ಖಾನೆ ಮುಚ್ಚಿದಾಗ ಕೊನೆಯ ಬಾಕಿ ಲೆಕ್ಕದ ಪಟ್ಟಿ ಮಾಡಲು ನನಗೇ ಹೇಳಿದರು. ಹೆಸರುಗಳನ್ನು ಟೈಪ್ ಮಾಡುತ್ತಾ ಹೋದೆ. ಗೇಟಿನ ಕಾವಲುಗಾರನ ಹೆಸರಿನ ಕೆಳಗೆ ನನ್ನ ಹೆಸರನ್ನೂ ನಾನೇ ಹೊಡೆದೆ. ಯಾರು ಯಾವ ವರ್ಗ ಎಂದು ಆ ಹಾಳೆಯಷ್ಟು ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿಲ್ಲ. ಮುಚ್ಚಬೇಕೋ ಬೇಡವೋ ಎಂದು ತೀರ್ಮಾನಿಸಿದವರ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ.

ಮಾಲು ಹೋಗದೆ ಮುಚ್ಚಿದ್ದಲ್ಲ ಸ್ವಾಮಿ. ಕೈಯಲ್ಲಿ ಆರ್ಡರ್ ಇತ್ತು. ಬೇರೆ ವ್ಯಾಪಾರಕ್ಕೆಂದು ಈ ಕಾರ್ಖಾನೆಯ ಹೆಸರಿನಲ್ಲಿ ಎತ್ತಿದ ಸಾಲ ತೀರಲಿಲ್ಲ, ಅಷ್ಟೇ. ಯೂನಿಯನ್‌ನವರು ನನ್ನಿಂದ ಲೆಕ್ಕ ಬರೆಸಿಕೊಂಡು, ನಾವೇ ನಡೆಸುತ್ತೇವೆ ಎಂದು ಸಾಲ ಕೇಳಲು ಹೋದರು. ಅಡವಿಡಲು ಏನಿದೆ ಎಂದು ಕೇಳಿದರಂತೆ. ಕೆಲಸ ಗೊತ್ತು ಎಂದರೆ ಅದನ್ನು ಯಾರು ಅಡವಿಟ್ಟುಕೊಳ್ಳುತ್ತಾರೆ? ಯಂತ್ರಗಳು ಕಬ್ಬಿಣದ ತೂಕಕ್ಕೆ ಹೋದವು.

ಕೆಲಸ ಹೋದ ಮೇಲೆ ಓದಲು ಸಮಯ ಸಿಕ್ಕಿತು. ನ್ಯಾಯವಾದ ಕೂಲಿ ಎಂದರೆ ಏನು ಅನ್ನುವ ಜಗಳ ಸಮಾಜವಾದಿಗಳಲ್ಲೇ ತುಂಬಾ ಹಳೆಯದು. 1875ರಲ್ಲಿ ಜರ್ಮನಿಯ ಸಮಾಜವಾದಿಗಳು ಗೋಥಾ ಪಟ್ಟಣದಲ್ಲಿ ಸೇರುವ ಮೊದಲು ಒಂದು ಕಾರ್ಯಕ್ರಮದ ಕರಡು ಮಾಡಿದ್ದರು. ದುಡಿಮೆಯ ಫಲ ಒಂದಿಷ್ಟೂ ಕಡಿತವಾಗದೆ ಎಲ್ಲರಿಗೂ ಸೇರಬೇಕು ಅನ್ನುವುದು ಅದರ ಒಂದು ಮಾತು. ಇದನ್ನು ಕೇಳಿ ಮಾರ್ಕ್ಸ್ ಕುಣಿದಾಡಿರಬೇಕು ಎಂದುಕೊಂಡರೆ ತಪ್ಪು. ಅವರು ಅದನ್ನು ತರಾಟೆಗೆ ತೆಗೆದುಕೊಂಡರು. ಸವೆದ ಯಂತ್ರಕ್ಕೆ ಬದಲಿ ಬೇಕಲ್ಲ, ಕೆಲಸ ಬೆಳೆಸಲು ದುಡ್ಡು ಬೇಕಲ್ಲ, ಅಪಘಾತ ಅನಾಹುತಕ್ಕೆ ಮೀಸಲು ಬೇಕಲ್ಲ? ಆಮೇಲೆ ಶಾಲೆ, ಆರೋಗ್ಯ, ದುಡಿಯಲಾಗದವರ ಪಾಲು. ಇಷ್ಟೆಲ್ಲ ತೆಗೆದ ಮೇಲೆ ಉಳಿದದ್ದನ್ನು ತಾನೇ ಹಂಚಬೇಕು? ಹಂಚುವಾಗಲೂ, ಸಮನಾದ ದುಡಿಮೆಗೆ ಸಮನಾದ ಕೂಲಿ ಕೊಟ್ಟರೆ ಮಕ್ಕಳಿರುವವನ ಮನೆಗೂ ಒಂಟಿ ಇರುವವನ ಮನೆಗೂ ಅದು ಸಮ ಆಗುವುದಿಲ್ಲ ಎಂದರು.

ನನಗೆ ಇದು ತುಂಬಾ ಹಿಡಿಸಿತು. ಅಪ್ಪಟ ಗುಮಾಸ್ತನ ಮಾತು ಇದು: ಮೊದಲು ಕಡಿತ, ಆಮೇಲೆ ಕೈಗೆ. ಕಡಿತ ಯಾವ ವ್ಯವಸ್ಥೆಯಲ್ಲೂ ತಪ್ಪಿದ್ದಲ್ಲ. ನಮ್ಮ ಕಾರ್ಖಾನೆಯಲ್ಲಿ ಎಷ್ಟು ಕಡಿತ, ಅದು ಯಾವುದಕ್ಕೆ ಹೋಯಿತು ಅನ್ನುವುದು ದುಡಿದವರಿಗೆ ಗೊತ್ತೇ ಆಗುತ್ತಿರಲಿಲ್ಲ. ನ್ಯಾಯ ಅನ್ಯಾಯದ ಗಂಟು ಇರುವುದು ಅಲ್ಲಿ. ಕನಿಷ್ಠ ಕೂಲಿಯ ಕಾನೂನು ಆ ಗಂಟನ್ನು ಮುಟ್ಟುವುದಿಲ್ಲ.

ಮುಟ್ಟಿದವರು ಇದ್ದಾರೆ. 1871ರ ಪ್ಯಾರಿಸ್ ಕಮ್ಯೂನ್, ಅಂದರೆ ಅಲ್ಲಿನ ದುಡಿಯುವ ಜನ ದಂಗೆಯೆದ್ದು ಕಟ್ಟಿದ ನಗರ ಸರ್ಕಾರ, ಬದುಕಿದ್ದು ಎರಡೂವರೆ ತಿಂಗಳೂ ಇಲ್ಲ. ಅಷ್ಟರಲ್ಲೇ, ಮಾಲೀಕರು ಬಿಟ್ಟು ಓಡಿದ ಕಾರ್ಖಾನೆಗಳನ್ನು ಪಟ್ಟಿ ಮಾಡಿ ಅಲ್ಲಿನ ಕೆಲಸಗಾರರ ಸಹಕಾರ ಸಂಘಗಳಿಗೆ ಒಪ್ಪಿಸಬೇಕು ಎಂದು ಏಪ್ರಿಲ್ 16ರಂದು ಆದೇಶ ಹೊರಡಿಸಿತ್ತು. ಕಮ್ಯೂನ್ ರಕ್ತದಲ್ಲಿ ಮುಳುಗಿತು, ಆದೇಶವೂ ಅದರ ಜೊತೆಗೇ ಹೋಯಿತು.

ಸ್ಪೇನಿನ ಬಾಸ್ಕ್ ಸೀಮೆಯ ಮೊಂದ್ರಾಗೊನ್‌ನಲ್ಲಿ ಬಂದೂಕಿಲ್ಲದೆ ಕೆಲಸ ನಡೆಯಿತು. ಅಲ್ಲಿನ ಒಬ್ಬ ಪಾದ್ರಿ ಶುರುಮಾಡಿದ ತಾಂತ್ರಿಕ ಶಾಲೆಯಲ್ಲಿ ಓದಿದ ಐದು ಜನ 1956ರಲ್ಲಿ ಸ್ಟೌ ಮಾಡುವ ಒಂದು ಸಣ್ಣ ಕಾರ್ಖಾನೆ ಹಾಕಿದರು. ಇವತ್ತು ಅದು ಹತ್ತಾರು ಸಾವಿರ ಜನ ದುಡಿಯುವ ಸಹಕಾರಿಗಳ ಕೂಟ. ಬಂಡವಾಳ ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ವೋಟು. ಅತಿ ಕಡಿಮೆ ಸಂಬಳಕ್ಕೂ ಅತಿ ಜಾಸ್ತಿ ಸಂಬಳಕ್ಕೂ ಶುರುವಿನಲ್ಲಿ ಇದ್ದ ಅಂತರ 1ಕ್ಕೆ 3. ಆಮೇಲೆ ಅದು ಹಿಗ್ಗಿ, ಹೆಚ್ಚಿನ ಕಡೆ 1ಕ್ಕೆ 6ರ ಆಸುಪಾಸಿಗೆ ಬಂದಿದೆ. ನಮ್ಮ ಪಟ್ಟಿಯಲ್ಲಿ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಇದ್ದ ಅಂತರ ನೆನಪಿಸಿಕೊಂಡರೆ ನಗು ಬರುತ್ತದೆ. ಅಲ್ಲಿ ಸದಸ್ಯರ ದುಡಿಮೆಗೆ ಕೊಡುವುದನ್ನು ಸಂಬಳ ಅನ್ನುವುದಿಲ್ಲ, ಮುಂಗಡ ಅನ್ನುತ್ತಾರೆ. ವರ್ಷದ ಕೊನೆಗೆ ಬರಬೇಕಾದ ತಮ್ಮದೇ ಪಾಲಿನ ಮುಂಗಡ! ಖರ್ಚಿನ ಕಾಲಂನಿಂದ ಸಂಬಳ ಎದ್ದು ಬಂದದ್ದನ್ನು ನಾನು ನೋಡಿದ್ದು ಅಲ್ಲೇ ಮೊದಲು, ಅದೂ ಪುಸ್ತಕದಲ್ಲಿ.

ಇದೇ ಸ್ವರ್ಗ ಎಂದು ನಿಮಗೆ ಮಾರಲು ನಾನು ಬಂದಿಲ್ಲ. ಆ ಮೊದಲ ಕಾರ್ಖಾನೆ ಬೆಳೆದು ಫಾಗೋರ್ ಎಂಬ ಕಂಪನಿ ಆಯಿತು, 2013ರಲ್ಲಿ ದಿವಾಳಿಯೂ ಆಯಿತು. ಆದರೆ ಆಗ ಬಹಳಷ್ಟು ಸದಸ್ಯರಿಗೆ ಕೂಟದ ಬೇರೆ ಸಹಕಾರಿಗಳಲ್ಲಿ ಕೆಲಸ ಸಿಕ್ಕಿತು. ಸದಸ್ಯರಲ್ಲದವರಿಗೆ ಆ ಆಸರೆ ಇರಲಿಲ್ಲ. ಕೂಟದ ಕೆಲವು ಕಂಪನಿಗಳಲ್ಲಿ ಬರೀ ಸಂಬಳಕ್ಕೆ ದುಡಿಯುವವರೂ ಇದ್ದಾರೆ, ಅಂದರೆ ಸಹಕಾರಿಯೊಳಗೇ ಒಂದು ಮಾಲೀಕ ವರ್ಗ. ಸಮಾಜವಾದಿ ಚಿಂತಕಿ ರೋಸಾ ಲಕ್ಸೆಂಬರ್ಗ್ ಇಂಥದ್ದೊಂದು ಮಾತನ್ನು ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ಹೇಳಿದ್ದರು. ಪೈಪೋಟಿಯ ಸಂತೆಯ ನಡುವೆ ಸಹಕಾರಿ ಕಟ್ಟಿದರೆ ಕೆಲಸಗಾರರು ತಮ್ಮ ಮೇಲೆ ತಾವೇ ಮಾಲೀಕರಾಗಿ ಸವಾರಿ ಮಾಡಬೇಕಾಗುತ್ತದೆ ಎಂದು. ಒಪ್ಪಿದೆ. ಆದರೂ ನನ್ನನ್ನು ಕೇಳಿದರೆ, ಬೆನ್ನ ಮೇಲೆ ಕೂತವನನ್ನು ವೋಟು ಹಾಕಿ ಇಳಿಸಬಹುದಾದರೆ ಅದೇನು ಸಣ್ಣ ವಿಷಯವಲ್ಲ.

ಈಗ ನಿಮ್ಮಿಂದ ಆಗಬೇಕಾದದ್ದು. ಇಟಲಿಯಲ್ಲಿ 1985ರಲ್ಲಿ ಒಂದು ಕಾನೂನು ಬಂತು. ಮುಚ್ಚುತ್ತಿರುವ ಕಾರ್ಖಾನೆಯ ಕೆಲಸಗಾರರು ಸಹಕಾರಿ ಕಟ್ಟಿ ಅದನ್ನು ವಹಿಸಿಕೊಳ್ಳಲು ಅದು ಹಣದ ದಾರಿ ಮಾಡಿಕೊಟ್ಟಿತು. ತಿಂಗಳು ತಿಂಗಳು ಬರಬೇಕಾದ ನಿರುದ್ಯೋಗ ಭತ್ಯೆಯನ್ನು ಒಟ್ಟಿಗೇ ಪಡೆದು ಬಂಡವಾಳವಾಗಿ ಹಾಕುವುದಕ್ಕೂ ಅಲ್ಲಿ ಅವಕಾಶ ಇದೆ. ಅಡವಿಡಲು ಏನಿದೆ ಅನ್ನುವ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿದೆ. ಅಂದಹಾಗೆ, ಆ ಕಾನೂನನ್ನು ಇವತ್ತಿಗೂ ಜನ ಕರೆಯುವುದು ಮಾರ್ಕೋರಾ ಕಾನೂನು ಎಂದೇ. ಮಾರ್ಕೋರಾ ಅಲ್ಲಿ ಮಂತ್ರಿಯಾಗಿದ್ದವರು. ಸುಮ್ನೆ ನಿಮ್ಮ ಗಮನಕ್ಕೆ.

ನಾನು ಕೇಳುವುದು ಅಂಥದ್ದೇ ಒಂದು ಕಾನೂನು. ಕಾರ್ಖಾನೆ ಮಾರುವ ಅಥವಾ ಹರಾಜಿಗಿಡುವ ಮೊದಲು ಕೆಲಸಗಾರರಿಗೆ ಕೊಳ್ಳುವ ಮೊದಲ ಹಕ್ಕು ಇರಲಿ, ಯೋಚಿಸಲು ಕೆಲವು ತಿಂಗಳ ಸಮಯ ಇರಲಿ. ಅಷ್ಟೂ ದಿನ ಲೆಕ್ಕದ ಪುಸ್ತಕ ಅವರ ಮುಂದೆ ತೆರೆದಿರಬೇಕು. ಇದನ್ನು ಬೇಕಾದರೆ ನಾಳೆಯೇ ಜಾರಿ ಮಾಡಿ, ಇದಕ್ಕೆ ಒಂದು ಕಾಸೂ ಬೇಡ. ಸಾಲಕ್ಕೆ ಸರ್ಕಾರ ಜಾಮೀನು ನಿಲ್ಲಲಿ. ಸಹಕಾರಿ ಲಾಭ ಮಾಡಿದಾಗ ಸದಸ್ಯರೇ ಅದನ್ನು ಮಾರಿ ದುಡ್ಡು ಹಂಚಿಕೊಂಡು ಹೋಗದ ಹಾಗೆ ಮೀಸಲು ನಿಧಿಗೆ ಬೀಗ ಹಾಕಿ. ಗುತ್ತಿಗೆಯವರು ಇಷ್ಟು ತಿಂಗಳು ದುಡಿದರೆ ಸದಸ್ಯರಾಗಲೇಬೇಕು ಎಂದೂ ಬರೆಯಿರಿ. ಇಲ್ಲದಿದ್ದರೆ ನನ್ನಂಥ ಕುರ್ಚಿಯವರು ಒಳಗೆ, ಗೇಟಿನವರು ಹೊರಗೆ ಆಗುತ್ತಾರೆ.

ಕರಡಿಗೆ ಸಂಬಳದ ಲೆಕ್ಕ ಗೊತ್ತಿರುವವರು ಬೇಕಾದರೆ ಹೇಳಿ ಕಳಿಸಿ. ಈಗ ನನಗೆ ಸಮಯ ಇದೆ.

ಇಂತಿ,
ಒಬ್ಬ ಹಳೆಯ ಲೆಕ್ಕದ ಗುಮಾಸ್ತ