ಚಕ್ಕೆ ಜೋಡಿಸಿಕೊಟ್ಟ ಅಕ್ಕನಿಗೆ

ಪ್ರದರ್ಶನ ನಿನ್ನೆಗೆ ಮುಗಿಯಿತು. ಬೇಟೆಯಾಡಿ, ಗೆಡ್ಡೆ ಅಗೆದು ಬದುಕುತ್ತಿದ್ದ ಕಾಲದ ಮಕ್ಕಳು ಮಣ್ಣಿನಲ್ಲಿ ಏನು ಗುರುತು ಬಿಟ್ಟುಹೋಗಿದ್ದಾರೆ, ಅದನ್ನು ಹುಡುಕುವುದು ಹೇಗೆ ಎಂದು ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಮೇಷ್ಟ್ರುಗಳಿಗೂ ಮಕ್ಕಳಿಗೂ ತೋರಿಸಬೇಕೆಂದಿದ್ದೆವು, ತೋರಿಸಿದೆವು. ನಡುವೆ ಮಳೆ ಬಂದು, ತೋರಿಸಲು ಇಟ್ಟಿದ್ದ ಕಲ್ಲಿನ ಚಕ್ಕೆಗಳೆಲ್ಲ ಬೆರೆತುಹೋದವು. ಅವನ್ನು ಜೋಡಿಸಿಕೊಟ್ಟ ಅಕ್ಕನಿಗೇ ಈ ಪತ್ರ.

ಟೆಂಪೊ ಕೊಟ್ಟವರಿಗೆ, ಟಾರ್ಪಾಲ್ ಕಟ್ಟಿದವರಿಗೆ, ನಾಲ್ಕೂ ದಿನ ಒಗ್ಗರಣಿ ಮಿರ್ಚಿ ಹೊತ್ತು ತಂದವರಿಗೆ, ಅಂಗನವಾಡಿ ಮಕ್ಕಳನ್ನು ಕೈಹಿಡಿದು ಕರೆತಂದ ಟೀಚರಮ್ಮನವರಿಗೆ ತಂಡದ ಎಲ್ಲರ ನಮಸ್ಕಾರ. ಹೆಜ್ಜೆಗುರುತು ಮೂಡಿಸಿ ತೋರಿಸಲು ತುಂಗಭದ್ರೆಯ ಮರಳನ್ನು ಜರಡಿ ಹಿಡಿದು ತಂದುಕೊಟ್ಟ ಹುಡುಗರಿಗೆ ಒಂದು ಮಾತು ಹೆಚ್ಚು. ಫ್ರಾನ್ಸಿನ ಲ ರೋಜೆಲ್‌ನಲ್ಲಿ ಸುಮಾರು 80,000 ವರ್ಷ ಹಳೆಯ 257 ಹೆಜ್ಜೆಗುರುತು ಸಿಕ್ಕಿವೆ, ಹೆಚ್ಚಿನವು ನಿಯಾಂಡರ್ತಾಲರ (ಈಗ ಅಳಿದುಹೋಗಿರುವ ಒಂದು ಮನುಷ್ಯ ಜಾತಿ) ಮಕ್ಕಳು, ಹದಿಹರೆಯದವರವು. ಪಾದದ ಉದ್ದ ಎತ್ತರದ ಶೇಕಡಾ 15ರಷ್ಟು ಎಂಬ ಲೆಕ್ಕ ಹಿಡಿದರೆ 15 ಸೆಂ.ಮೀ. ಪಾದದ ಮಗು ಸುಮಾರು 1 ಮೀಟರ್ ಎತ್ತರ. ಮರಳು ಒಣಗಿದ್ದರೆ ಅಂಚು ಕುಸಿಯುತ್ತದೆ, ನೀರು ಹೆಚ್ಚಾದರೆ ಹೆಜ್ಜೆ ತುಂಬಿಕೊಂಡುಬಿಡುತ್ತದೆ. ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲುವಷ್ಟೇ ತೇವವನ್ನು ನಾಲ್ಕು ದಿನವೂ ಕಾಯ್ದವರು ಅವರೇ.

ಇನ್ನು ಅಕ್ಕ. ಒರಳು, ಬೀಸುಕಲ್ಲು ಕಡೆಯುವ ಮನೆತನದವರು. ಎರವಲು ಕೊಟ್ಟ ಚಾಣ ಸುತ್ತಿಗೆ ಒಯ್ಯಲು ಸಂಜೆ ಬಂದವರು ಬೆಳಕು ಹರಿಯುವ ತನಕ ಕೂತರು.

ನಮ್ಮಲ್ಲಿದ್ದದ್ದು, ಕಲ್ಲಿನ ಆಯುಧ ಮಾಡುವಂತೆ ಒಡೆದ 6 ಚರ್ಟ್ (ನುಣುಪಾದ ಗಟ್ಟಿ ಕಲ್ಲು) ಕಲ್ಲುಗಳ ಚಕ್ಕೆ. 3 ಕಲ್ಲು ಪಳಗಿದ ಕೈಯವರು ಒಡೆದದ್ದು, 3 ಕಲ್ಲು ಕನ್ನಡಕ, ಕೈಗವಸು ಹಾಕಿಸಿ ಹತ್ತರ ಆಸುಪಾಸಿನ ಮಕ್ಕಳಿಂದ ಒಡೆಸಿದ್ದು. ಕಲ್ಲಿಗೊಂದು ಕವರ್, ಒಳಗೆ ಶಾಯಿ ಪೆನ್ನಿನಲ್ಲಿ ಬರೆದ ಚೀಟಿ. ತಪ್ಪಾದದ್ದು ಅಲ್ಲೇ. ನೀರು ಹೊಕ್ಕಿತು, ಶಾಯಿ ಹರಡಿತು, ಕವರ್ ಒಡೆದು ಆರೂ ಒಂದಾದವು. ಪೆನ್ಸಿಲ್ಲಿನಲ್ಲಿ ಬರೆದಿದ್ದರೆ ಉಳಿಯುತ್ತಿತ್ತು.

ಅಕ್ಕ ಗೋಣಿಚೀಲ ಹಾಸಿ, ಮೊದಲು ಬಣ್ಣ ನೋಡಿ, ಆಮೇಲೆ ಕಲ್ಲಿನ ಹೊರಸಿಪ್ಪೆ ನೋಡಿ ಗುಡ್ಡೆ ಮಾಡಿದರು. ಪ್ರತಿ ಚಕ್ಕೆಯ ಒಳಮೈಯಲ್ಲಿ, ಏಟು ಬಿದ್ದ ತುದಿಗೆ, ಒಂದು ಉಬ್ಬು ಇರುತ್ತದೆ. ಅದನ್ನು ಹೆಬ್ಬೆರಳಿನಿಂದ ಸವರಿ, ಎಲ್ಲವನ್ನೂ ಒಂದೇ ದಿಕ್ಕಿಗೆ ತಿರುಗಿಸಿಟ್ಟರು. ಜೋಡಿಸುವುದು ಹಿಂದುಮುಂದಾಗಿ: ಕೊನೆಗೆ ಎದ್ದ ಚಕ್ಕೆಯೇ ಉಳಿದ ತಿರುಳುಗಲ್ಲಿನ ಮೇಲೆ ಮೊದಲು ಕೂರಬೇಕು. ಮೂರನೆಯ ಜೋಡಿ ಕೂತಾಗ ಅಕ್ಕ ಅಂದರು, "ಇದು ಸಣ್ಣ ಹುಡುಗರ ಕೈ ನೋಡ್ರಿ. ಏಟು ಬಿದ್ದಲ್ಲೇ ಮತ್ತ ಏಟು ಹಾಕ್ಯಾರ."

ಅಗೆತದ ತಂಡಗಳು ಹುಡುಕುವ ಗುರುತೂ ಅದೇ. ಬಲ ಸಾಲದಿದ್ದರೆ, ಇಲ್ಲವೇ ಕಲ್ಲಿನ ಮೈ ತಗ್ಗಾಗಿದ್ದರೆ, ಚಕ್ಕೆ ತುದಿ ಮುಟ್ಟದೆ ನಡುವೆಯೇ ಕಡಿದು ಮೆಟ್ಟಿಲು ಬೀಳುತ್ತದೆ. ಬಲ್ಲವರು ಕಲ್ಲು ತಿರುಗಿಸಿ, ಅಂಚು ಸವರಿ, ಕೋನವನ್ನು 90 ಡಿಗ್ರಿಯ ಒಳಗೆ ತಂದುಕೊಂಡು ಇನ್ನೊಂದು ಕಡೆಯಿಂದ ಹೊಡೆಯುತ್ತಾರೆ. ಕಲಿಯುವವರು ಅಲ್ಲೇ ಇನ್ನೂ ಜೋರಾಗಿ ಹೊಡೆಯುತ್ತಾರೆ. ಮೆಟ್ಟಿಲ ಮೇಲೆ ಮೆಟ್ಟಿಲು, ಅಂಚೆಲ್ಲ ಪುಡಿ. ಪ್ಯಾರಿಸ್ ಹತ್ತಿರದ ಎತಿಯೋಲ್ ಎಂಬ ಹಳೆಯ ಶಿಲಾಯುಗದ ಬೀಡಿನಲ್ಲಿ ಹೀಗೆಯೇ ಚಕ್ಕೆ ಮರುಜೋಡಿಸಿದಾಗ, ನುರಿತವರು ಒಲೆಯ ಪಕ್ಕದಲ್ಲೂ ಕಲಿಯುವವರು ಒಲೆಯಿಂದ ದೂರದಲ್ಲೂ ಕೂತಿದ್ದರೆಂದು ತಿಳಿಯಿತು. ಕಲಿಯುವವರೆಲ್ಲ ಮಕ್ಕಳೇ ಆಗಿರಬೇಕಿಲ್ಲ, ಕೆಟ್ಟ ಕಲ್ಲು ಬಲ್ಲವರ ಕೈಯಲ್ಲೂ ಮೆಟ್ಟಿಲು ಬೀಳಿಸುತ್ತದೆ. ಹಾಗಾಗಿಯೇ ನಮ್ಮೂರ ಬೆಣಚುಕಲ್ಲು ಬಿಟ್ಟು ಚರ್ಟ್ ಹಿಡಿದದ್ದು. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಪದರದ ಕೆಳಗೆ ಸಿಕ್ಕ ಪುಟ್ಟ ಬೆಣಚು ಚಕ್ಕೆಗಳಲ್ಲಿ ಯಾರ ಕೈ ಇತ್ತೆಂದು ಓದುವುದು ಬಹಳ ಕಷ್ಟ, ಬೆಣಚು ತನ್ನೊಳಗಿನ ಬಿರುಕಿನ ಗುಂಟ ತನಗೆ ತೋಚಿದಂತೆ ಒಡೆಯುತ್ತದೆ.

ನಡುರಾತ್ರಿ ದಾಟಿದ ಮೇಲೆ ಮಕ್ಕಳ ಕಲ್ಲಿನಲ್ಲಿ ಮೊದಲ ಏಟುಗಳ ಚೂರೇ ಇಲ್ಲವೆಂದು ಗೊತ್ತಾಯಿತು. ಅವು ಇದ್ದದ್ದು ನಾವೇ "ಕಸ" ಎಂದು ಚೀಟಿ ಅಂಟಿಸಿ ಮೂಲೆಗಿಟ್ಟ ಬುಟ್ಟಿಯಲ್ಲಿ. ಅಕ್ಕ ಅದನ್ನು ಸುರುವಿ, ಉಗುರಿನಷ್ಟು ಉಗುರಿನಷ್ಟು ಚೂರು ಆರಿಸಿ ಮುಂದಿಟ್ಟರು. ನಮಗೆ ಕೊರಳು ಕಟ್ಟಿತು. ಮಕ್ಕಳನ್ನು ಹುಡುಕುತ್ತೇವೆ ಎಂದು ಹೊರಟವರು ನಾವು, ಮಕ್ಕಳು ಮೊದಲು ಮುಟ್ಟಿದ್ದನ್ನೇ ಎಸೆಯಲು ಕೂತಿದ್ದೆವು. 5 ಮಿ.ಮೀ. ಜರಡಿಯಲ್ಲಿ ಇನ್ನೂ ಹುಟ್ಟದ ಹಾಲುಹಲ್ಲಿನ ಮೊಳಕೆ ಸೋರಿಹೋಗುತ್ತದೆ ಎಂದು ವರ್ಷಗಟ್ಟಲೆ ಬೇರೆಯವರಿಗೆ ಹೇಳಿಕೊಂಡು ಬಂದವರೂ ನಾವೇ. ಅಕ್ಕ ಏನೂ ಅನ್ನಲಿಲ್ಲ, ಲೈಟು ಹತ್ತಿರ ಹಿಡೀರಿ ಅಂದರು ಅಷ್ಟೇ.

ಬೆಳಿಗ್ಗೆ ಬಾಗಿಲು ತೆಗೆದಾಗ 5 ಕಲ್ಲು ಪೂರ್ತಿಯಾಗಿ ಮೇಜಿನ ಮೇಲಿದ್ದವು. ಕಸದ ಚೀಟಿ ಹರಿದು "ಮೊದಲ ಏಟುಗಳು" ಎಂದು ಬರೆದಿದ್ದೇವೆ, ಪೆನ್ಸಿಲ್ಲಿನಲ್ಲಿ. ಇನ್ನು ಮುಂದೆ ಮಣ್ಣು ತೊಳೆಯುವುದು 2 ಮಿ.ಮೀ. ಜರಡಿಯಲ್ಲೇ, ಎರೆಮಣ್ಣಿನ ಹೆಂಟೆ ಬಿಡದಿದ್ದರೆ ನೀರಿಗೆ ಸ್ವಲ್ಪ ಅಡುಗೆ ಸೋಡಾ ಹಾಕಿ ನೆನೆಸುತ್ತೇವೆ. ಅಕ್ಕಾ, ಜೋಡಿಸಿದ ಕಲ್ಲುಗಳ ಪಕ್ಕದ ಫಲಕದಲ್ಲಿ ನಿಮ್ಮ ಹೆಸರು ಮೊದಲು ಬರುತ್ತದೆ. ಬೇಡ ಅನ್ನಬೇಡಿ.

ಆರನೆಯ ಕಲ್ಲಿನಲ್ಲಿ ಒಂದು ಚಕ್ಕೆ ಇನ್ನೂ ಇಲ್ಲ. ಬೂದು ಬಣ್ಣ, ಹುಣಸೆ ಬೀಜದಷ್ಟು, ಒಂದು ಬದಿಗೆ ಬಿಳಿ ಸಿಪ್ಪೆ. ಅಂಗಳ ಗುಡಿಸುವಾಗ ಯಾರಿಗಾದರೂ ಸಿಕ್ಕರೆ ಒಗೆಯಬೇಡಿ, ಅಕ್ಕನ ಕೈಗೆ ಕೊಡಿ.