ಸ್ಕ್ಯಾನಿಂಗ್ ಮಿಷನ್ ಇದೆ, ಬೀಗವೂ ಇದೆ

ಮಾನ್ಯ ಸಂಪಾದಕರೇ,

ನಮ್ಮ ತಾಲ್ಲೂಕು ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಫೋಟೊ ಸೋಮವಾರ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಬಾಗಿಲಿನ ಬೀಗ ಚೆನ್ನಾಗಿ ಕಾಣುತ್ತಿತ್ತು. ಮರುದಿನ ಅದೇ ಬೀಗದ ಮುಂದೆ ನಾವು ಎರಡೂವರೆ ಗಂಟೆ ಕಾದೆವು.

ಸೊಸೆಗೆ ಐದನೇ ತಿಂಗಳು. ಸ್ಕ್ಯಾನಿಂಗ್ ಮಾಡಿಸಿ ಅಂತ ತಾಯಿ ಕಾರ್ಡಿನಲ್ಲಿ ಬರೆದುಕೊಟ್ಟವರು ಆಸ್ಪತ್ರೆಯವರೇ. ಹೊಟ್ಟೆ ತುಂಬ ನೀರು ಕುಡಿದು ಬನ್ನಿ ಅಂದಿದ್ದರು. ಕುಡಿದು ಬಂದಳು. ಆರೂಕಾಲರ ಬಸ್ಸು, ಸೀಟಿಲ್ಲ. ಬಂದರೆ ಡಾಕ್ಟರಿಲ್ಲ. ಅವರು ನಿಯೋಜನೆ ಮೇಲೆ ವಾರಕ್ಕೆರಡು ದಿನ ಬರುವವರಂತೆ, ಈ ಸಲ ಮೀಟಿಂಗಂತೆ. ಶೌಚಾಲಯಕ್ಕೂ ಬೀಗ! ಆ ಹುಡುಗಿಯ ಪಾಡು ನಾನು ಬರೆಯುವುದಿಲ್ಲ.

ಈ ಸ್ಕ್ಯಾನನ್ನು 18ರಿಂದ 20 ವಾರದೊಳಗೆ ಮಾಡಿಸಬೇಕಂತೆ. 'ಮುಂದಿನ ವಾರ ನೋಡೋಣ' ಅಂದರೆ ಮಗು ಕಾಯುತ್ತದೆಯೇ? ಜಿಲ್ಲಾ ಕೇಂದ್ರಕ್ಕೆ ಓಡಿದೆವು. ಸೊಸೆಗೂ ನಮ್ಮ ಮನೆಯವಳಿಗೂ ಶಕ್ತಿ ಯೋಜನೆಯಲ್ಲಿ ಬಸ್ ಫ್ರೀ, ಪುಣ್ಯ. ಖಾಸಗಿಯವರ ಸ್ಕ್ಯಾನಿಂಗ್ ಫ್ರೀ ಅಲ್ಲವಲ್ಲ. 1,800 ರೂಪಾಯಿ ಎಣಿಸಿ ಕೊಟ್ಟೆ.

ಮಿಷನ್ ಬಂದ ದಿನ ಹಾರ ಹಾಕಿ, ಕಾಯಿ ಒಡೆದು, ಫೋಟೊ ತೆಗೆಸಿಕೊಂಡರು. ಅದನ್ನು ನಡೆಸುವವರು ಯಾರು ಅಂತ ಅವತ್ತು ಯಾರೂ ಕೇಳಲಿಲ್ಲ. ಎಕ್ಸ್‌ರೇ ಹುಡುಗ ಮುಟ್ಟುವ ಹಾಗಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಇದೆ, ಡಾಕ್ಟರೇ ಬೇಕು. ಕಾಯ್ದೆ ಸರಿಯಾಗಿಯೇ ಇದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಹೆರಿಗೆ ಡಾಕ್ಟರಮ್ಮ ಮಾಡಬಹುದು, ಆದರೆ ಅವರೊಬ್ಬರೇ ಸಿಸೇರಿಯನ್ ಮಾಡಬೇಕೋ, ಸ್ಕ್ಯಾನಿಂಗ್ ನೋಡಬೇಕೋ? ಎಂಬಿಬಿಎಸ್ ಮುಗಿಸಿ ಮೂರು ವರ್ಷ ಎಂಡಿ ಓದಿದ ರೇಡಿಯಾಲಜಿಸ್ಟ್ ಸಿಟಿ ಬಿಟ್ಟು ನಮ್ಮೂರಿಗೆ ಬರುವುದು ಅಷ್ಟರಲ್ಲೇ ಇದೆ. ಎಂಬಿಬಿಎಸ್ ಡಾಕ್ಟರಿಗೆ ಆರು ತಿಂಗಳ ತರಬೇತಿ ಕೊಡಬಹುದು ಅಂತ 2014ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ, 300 ಗಂಟೆ. ನಮ್ಮ ಆಸ್ಪತ್ರೆಯಲ್ಲಿ ಮೂವರು ಎಂಬಿಬಿಎಸ್ ಡಾಕ್ಟರಿದ್ದಾರೆ. ಇಷ್ಟು ವರ್ಷದಲ್ಲಿ ಒಬ್ಬರನ್ನು ಕಳಿಸೋಕಾಗಲಿಲ್ಲವೇ? ಮಿಷನ್ನಿಗೆ ಟೆಂಡರ್ ಕರೆಯುವಾಗ ಇರುವ ಚುರುಕು ಇದಕ್ಕೆ ಯಾಕಿಲ್ಲ? ತರಬೇತಿಯಲ್ಲಿ ರಿಬ್ಬನ್ ಕತ್ತರಿಸೋಕೆ ಏನೂ ಸಿಗುವುದಿಲ್ಲ, ಅದಕ್ಕಿರಬೇಕು.

ಇದು ಇವತ್ತಿನ ಕಥೆಯೂ ಅಲ್ಲ. ಬಸ್ ಸ್ಟ್ಯಾಂಡ್ ಪಕ್ಕದ ಶುದ್ಧ ನೀರಿನ ಘಟಕ ತಿಂಗಳಿಗೇ ಕೆಟ್ಟಿತು, ಈಗ ಕಾಯಿನ್ ಮಾತ್ರ ನುಂಗುತ್ತದೆ. ಪಹಣಿಯಲ್ಲಿ ನಮ್ಮಪ್ಪನ ಹೆಸರು ತಿದ್ದಿಸೋಕೆ ನಾಲ್ಕು ವರ್ಷದಿಂದ ತಾಲ್ಲೂಕು ಕಚೇರಿ ಸುತ್ತುತ್ತಿದ್ದೇನೆ. ಕೇಳಿದರೆ 'ಸರ್ವರ್ ಇಲ್ಲ' ಅನ್ನುತ್ತಾರೆ. ಸಂಬಳದ ದಿನ ಸರ್ವರ್ ಇರುತ್ತದೋ ಏನೋ.

ಆರೋಗ್ಯ ಇಲಾಖೆಯವರು ಕೂಡಲೇ ಕಾಯಂ ರೇಡಿಯಾಲಜಿಸ್ಟ್ ಹಾಕಲಿ. ಆಗದಿದ್ದರೆ ಇರುವ ಡಾಕ್ಟರಿಗೆ ತರಬೇತಿ ಕೊಡಿಸಲಿ. ಎರಡೂ ಆಗಬೇಕು ಬಿಡಿ. ಅಷ್ಟರೊಳಗೆ ಆ ಶೌಚಾಲಯದ ಬೀಗವನ್ನಾದರೂ ತೆಗೆಸಲಿ. ಅದಕ್ಕೆ ಎಂಡಿ ಓದಿರಬೇಕಾಗಿಲ್ಲ, ಅಲ್ವಾ?

– ನೊಂದ ಓದುಗ