ಮಲ್ಪೆಯ ದೋಸ್ತನಿಗೆ: ನಿನ್ನ ಡಬ್ಬಿ ಇನ್ನೂ ತೆರೆದಿಲ್ಲ

ದೋಸ್ತ,

ಮೊದಲೇ ಹೇಳಿಬಿಡುತ್ತೇನೆ, ಸಿಟ್ಟಾಗಬೇಡ. ನನ್ನ ದೋಣಿಗೆ ಹೊಡೆಯೋಕೆ ಅಂತ ನೀನು ನಿನ್ನ ಭಾವನ ಕೈಲಿ ಕಳಿಸಿದ ಕೆಂಪು ಪೇಂಟಿನ ಡಬ್ಬಿಯ ಮುಚ್ಚಳವನ್ನು ನಾನು ತೆರೆದೇ ಇಲ್ಲ. ದೋಣಿ ಮಾತ್ರ ತಯಾರಾಗಿದೆ. ಹಾವೇರಿಯ ನಮ್ಮ ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ಬೋರಲು ಮಲಗಿದೆ.

ಅದು ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿದ್ದು ನಿನಗೆ ಗೊತ್ತು. ಗುಜರಿಯವನ ಕಣ್ಣಿಗೆ ಅದು ದೋಣಿಯೇ ಅಲ್ಲ, ಬರೀ ಅಲ್ಯೂಮಿನಿಯಂ. ತಕ್ಕಡಿಗೆ ಹಾಕಿ 62 ಕಿಲೋ ಅಂದ, ಕಿಲೋ ಲೆಕ್ಕದಲ್ಲೇ ದುಡ್ಡು ಎಣಿಸಿಕೊಂಡ. ಇನ್ನೊಂದು ವಾರ ತಡವಾಗಿದ್ದರೆ ಕರಗಿ ಯಾರದೋ ಮನೆಯ ಕಿಟಕಿ ಚೌಕಟ್ಟು ಆಗಿರುತ್ತಿತ್ತು. ಟೆಂಪೋದಿಂದ ಇಳಿಸುವಾಗ ಕಾಕಾ ಬಂದು ನೋಡಿದರು. 'ಏನಲೇ ಇದು, ದನಕ್ಕ ನೀರ ಕುಡಸೂ ದೋಣಿ ತಂದೀಯಲ್ಲ' ಅಂದರು. ತಪ್ಪೇನಿಲ್ಲ ಬಿಡು. ವರದಾ ಹೊಳೆಯಲ್ಲಿ ಅವರು ಕಂಡಿದ್ದೆಲ್ಲ ಹರಿಗೋಲು. ಬಿದಿರಿನ ಬುಟ್ಟಿ, ಹೊರಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಅಷ್ಟೇ.

ಬಣ್ಣದ ಕೆಲಸ ಎರಡು ದಿನದ್ದು ಅಂದುಕೊಂಡಿದ್ದೆ. ಎರಡು ತಿಂಗಳು ಹಿಡಿಯಿತು. ಮೊದಲ ತಪ್ಪು ನನ್ನದೇ. ಮನೆಗೆ ಬಣ್ಣ ಹೊಡೆಯೋ ಪೇಂಟರ್ 'ಕಬ್ಬಿಣದ ಗೇಟಿಗೆ ಹಾಕ್ತೀವಲ್ರಿ, ಅದನ್ನ ಹಾಕೂಣು' ಅಂದ. ನಾನೂ ಹೂಂ ಅಂದೆ. ತಂತಿ ಬ್ರಷ್ಷಿನಿಂದ ತಿಕ್ಕಿದೆವು, ರೆಡ್ ಆಕ್ಸೈಡ್ ಬಳಿದೆವು, ಮೇಲೆ ನೀಲಿ ಹೊಡೆದೆವು. ನೋಡೋಕೆ ಚೆನ್ನಾಗೇ ಇತ್ತು. ಹತ್ತು ದಿನ ಬಿಟ್ಟು ಪೈಪಿನಿಂದ ನೀರು ಬಿಟ್ಟೆ ನೋಡು, ಕಾದ ಹಂಚಿನಿಂದ ದೋಸೆ ಏಳುತ್ತಲ್ಲ, ಹಾಗೆ ಎದ್ದು ಬಂತು. ಅಂಗೈ ಅಗಲದ ಚೂರುಗಳು. ಕೆಳಗೆ ಅಲ್ಯೂಮಿನಿಯಂ ಬೆಳ್ಳಗೆ ನಗುತ್ತಿತ್ತು. ಬೇರೆ ಕಡೆ ಸಣ್ಣ ಸಣ್ಣ ಕಂದು ಚುಕ್ಕೆ ಬೇರೆ.

ಕಾರಿನ ಡೆಂಟಿಂಗ್ ಮಾಡುವ ಗ್ಯಾರೇಜಿನ ಹುಡುಗನೊಬ್ಬ ಆಮೇಲೆ ಬಿಡಿಸಿ ಹೇಳಿದ. ಅಲ್ಯೂಮಿನಿಯಂ ತಿಕ್ಕಿದ ಕ್ಷಣದಿಂದಲೇ ಗಾಳಿಗೆ ಮೈಮೇಲೆ ಒಂದು ತೆಳು ಪೊರೆ ಕಟ್ಟಿಕೊಳ್ಳುತ್ತದೆ. ಕಬ್ಬಿಣದ ತುಕ್ಕಿನ ಹಾಗೆ ಅದು ಉದುರುವುದಿಲ್ಲ, ಲೋಹವನ್ನೇ ಕಾಯುತ್ತದೆ. ಆದರೆ ಸಾದಾ ಬಣ್ಣ ಅದರ ಮೇಲೆ ನಿಲ್ಲುವುದಿಲ್ಲ. ಅದಕ್ಕೆ ಎಚ್ (etch) ಪ್ರೈಮರ್ ಅನ್ನೋ ತಳಬಣ್ಣ ಬೇಕು. ಅದರಲ್ಲಿರುವ ಆಮ್ಲ ಲೋಹವನ್ನು ಕಚ್ಚಿ ಹಿಡಿಯುತ್ತದೆ. ಕಾರಿನ ಬಣ್ಣ ಮಾರುವ ಅಂಗಡಿಯಲ್ಲೇ ಸಿಕ್ಕಿತು. ಇನ್ನು ಆ ಕಂದು ಚುಕ್ಕೆ? ತಂತಿ ಬ್ರಷ್ಷಿನ ಕಬ್ಬಿಣದ ಪುಡಿ ಮೆತ್ತಗಿನ ಲೋಹದೊಳಗೆ ಹೊಕ್ಕು ಅಲ್ಲೇ ತುಕ್ಕು ಹಿಡಿದಿತ್ತು. ಎಲ್ಲ ಕಿತ್ತು, ಎಮರಿ ಪೇಪರಿನಿಂದ ಮತ್ತೆ ತಿಕ್ಕಿದೆ. ಭುಜ ಇನ್ನೂ ನೋಯುತ್ತಿದೆ.

ಈಗ ನಿನ್ನ ಡಬ್ಬಿಯ ವಿಷಯ. ಅದರ ಮೇಲೆ ಏನು ಬರೆದಿದೆ ಅಂತ ನೀನು ಓದಿದ್ದೀಯಾ? ಅದು ತಾಮ್ರ ಬೆರೆಸಿದ ಬಣ್ಣ. ಸಮುದ್ರದಲ್ಲಿ ದೋಣಿಯ ತಳಕ್ಕೆ ಚಿಪ್ಪು, ಪಾಚಿ ಅಂಟಬಾರದು ಅಂತ ನೀವು ಹೊಡೆಯುವಂಥದ್ದು. ನಿಮ್ಮ ಮರದ ದೋಣಿಗೆ, ಫೈಬರ್ ದೋಣಿಗೆ ಸರಿ. ಅಲ್ಯೂಮಿನಿಯಂಗೆ ತಾಮ್ರ ತಾಗಿ, ಮೇಲೆ ನೀರೂ ಸೇರಿದರೆ ಮುಗೀತು. ಬ್ಯಾಟರಿಯ ಹಾಗೆ ಕೆಲಸ ಶುರುವಾಗಿ ಅಲ್ಯೂಮಿನಿಯಂ ತೂತು ತೂತಾಗಿ ಸವೆಯುತ್ತದೆ. ಅವ್ವನಿಗೆ ಇದು ಪೂರ್ತಿ ಅರ್ಥವಾಗಲಿಲ್ಲ. ಆದರೂ 'ಜರ್ಮನ್ ಡಬ್ಬ್ಯಾಗ ಉಪ್ಪಿನಕಾಯಿ ಇಡಬಾರದು ಅಂತ ನಾ ಹೇಳಿಲ್ಲೇನು' ಅಂದಳು. ಅಲ್ಯೂಮಿನಿಯಂಗೆ ಅವಳು ಜರ್ಮನ್ ಅಂತಲೇ ಅನ್ನೋದು. ಕಾರಣ ಬೇರೆಯಾದರೂ ಅವಳ ತೂತೂ ನನ್ನ ತೂತೂ ಒಂದೇ. ಅದೂ ಅಲ್ಲದೆ, ವರದಾ ಹೊಳೆಯಲ್ಲಿ ದೋಣಿಗೆ ಅಂಟೋ ಸಮುದ್ರದ ಚಿಪ್ಪು ಎಲ್ಲಿಂದ ಬರಬೇಕು, ಹೇಳು?

ಬಣ್ಣ ಕಿತ್ತು ಬಂದದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಬರಿಮೈ ಇದ್ದಾಗಲೇ ಸೋರೋದು ನೋಡಿಬಿಡೋಣ ಅಂತ ದೋಣಿಯನ್ನು ಇಟ್ಟಿಗೆ ಸಾಲಿನ ಮೇಲೆ ಕೂರಿಸಿ, ಒಳಗೆ ಗೇಣುದ್ದ ನೀರು ತುಂಬಿಸಿದೆ. ಕೆಳಗೆ ಚಾಪೆ ಹಾಸಿಕೊಂಡು ಅಂಗಾತ ಮಲಗಿದೆ. ಮೊದಲು ಏನೂ ಇಲ್ಲ. ಆಮೇಲೆ ಒಂದು ರಿವಿಟ್ಟಿನ ತಲೆಯ ಸುತ್ತ ಬೆವರಿನ ಹಾಗೆ ತೇವ ಕಂಡಿತು. ಅದು ಗುಂಡಗಾಗಿ ತೂಗಿ ಸರಿಯಾಗಿ ನನ್ನ ಮೂಗಿನ ಮೇಲೆ ಬಿತ್ತು. ಹನ್ನೊಂದು ರಿವಿಟ್ ಸೋರುತ್ತಿದ್ದವು, ಒಂದೊಂದಕ್ಕೂ ಗುರುತು ಹಾಕಿದೆ. ನೀರು ಚೆಲ್ಲಿ, ಒಣಗಿಸಿ, ಹೊರಗಿನಿಂದ ರಿವಿಟ್ಟಿನ ತಲೆಗೆ ನಾನು ಕಬ್ಬಿಣದ ಗಟ್ಟಿ ಒತ್ತಿ ಹಿಡಿದೆ. ಒಳಗೆ ಕೂತು ಸುತ್ತಿಗೆ ಹೊಡೆದವರು ಕಾಕಾ. ಸಡಿಲ ಇದ್ದಾಗ ಏಟು ಗಿಲಕಿಯ ಹಾಗೆ ಕೇಳುತ್ತದೆ, ಬಿಗಿಯಾದ ಮೇಲೆ ಗಟ್ಟಿ ನೆಲಕ್ಕೆ ಹೊಡೆದ ಹಾಗೆ. ಐದನೆಯದಕ್ಕೆ ಕಾಕಾ ಕಿವಿಯಿಂದಲೇ ಹೇಳತೊಡಗಿದರು, 'ಕೂತ್ತು ನೋಡು' ಅಂತ. ಎರಡು ಮಾತ್ರ ಜಗ್ಗಲಿಲ್ಲ. ಅವನ್ನು ಕೊರೆದು ತೆಗೆದು ಹೊಸದು ಹಾಕಿದೆವು.

ಆಮೇಲಿನದು ಬೇಗ ಮುಗಿಯಿತು. ತಿಕ್ಕಿದ ಒಂದು ಗಂಟೆಯೊಳಗೆ ಎಚ್ ಪ್ರೈಮರ್, ಮೇಲೆ ಎರಡು ಕೋಟ್ ಹಸಿರು. ಮೋಟಾರು ಕೂರಿಸುವ ಹಿಂದಿನ ಹಲಗೆ ಕೊಳೆತು ನಶ್ಯದ ಪುಡಿಯಾಗಿತ್ತು, ಅದನ್ನೂ ಬದಲಿಸಿದೆ.

ಕಾಕಾಗೆ ಈಗ ದೋಣಿ ಮೇಲೆ ಪ್ರೀತಿ ಜಾಸ್ತಿ. 'ಅಂಬಿಗ ಚೌಡಯ್ಯ' ಅಂತ ಹೆಸರು ಬರೆಸು ಅಂತಾರೆ. ನಮ್ಮ ಜಿಲ್ಲೆಯವನೇ ಅಲ್ವಾ, ತುಂಗಭದ್ರೆ ದಂಡೆಯ ಚೌಡಯ್ಯದಾನಪುರದ ಅಂಬಿಗ. ಬೇರೆ ಶರಣರು ವಚನದ ಕೊನೆಗೆ ದೇವರ ಹೆಸರು ಹಾಕಿದರೆ, ಇವನು ತನ್ನ ಹೆಸರನ್ನೇ ಹಾಕಿದವನು. ಇನ್ನೂ ನೀರಿಗೇ ಇಳಿಯದ ದೋಣಿಗೆ ಅಷ್ಟು ದೊಡ್ಡ ಹೆಸರು ಬೇಡ ಅಂತ ಸದ್ಯಕ್ಕೆ ತಡೆದಿದ್ದೇನೆ.

ಹೊಳೆಯಲ್ಲಿ ಈಗ ಬರೀ ಮರಳು. ಮಿರಗ (ಮೃಗಶಿರ ಮಳೆ) ಕೂಡಿ ನಾಲ್ಕು ಮಳೆ ಆದ ಮೇಲೆ ಇಳಿಸುತ್ತೇನೆ. ಹೊಳೆ ತುಂಬಿ ಬಂದರೆ ಮಾತ್ರ ಇಲ್ಲ, 2019ರ ಆಗಸ್ಟಿನ ನೆರೆ ನನಗೆ ಇನ್ನೂ ನೆನಪಿದೆ. ಆ ಹೊತ್ತಿಗೆ ನೀನೂ ಬಾ. ಬರುವಾಗ ಬಂಗುಡೆ ತಗೊಂಡು ಬಾ, ಮೊದಲ ದಿನವೇ ನನ್ನ ಗಾಳಕ್ಕೆ ಮೀನು ಬೀಳುತ್ತೆ ಅನ್ನೋ ಭರವಸೆ ನನಗಿಲ್ಲ. ಹೋಗುವಾಗ ಅಟ್ಟದ ಮೇಲಿರೋ ನಿನ್ನ ಡಬ್ಬಿ ತಗೊಂಡು ಹೋಗು.

ನಿನ್ನ ದೋಸ್ತ